ಡೇಟಾಬೇಸ್‌ನ ಗೆಸ್ಟ್ ಮತ್ತು ಡೀಫಾಲ್ಟ್ ಅಕೌಂಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸಬರಿಗೆ ಪಾಠ ಹೇಳುವಾಗ, ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿದಾಗ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲು ಮೂಲ ವಿಷಯ

ನಾನು ಒಂದೇ ಒಂದು ಯೂಸರ್ ಮಾಡಿದ್ದು. ಲಿಸ್ಟ್ ತೆಗೆದು ನೋಡಿದರೆ ಇಪ್ಪತ್ತು ಹೆಸರು ಇದೆ. ಇವರೆಲ್ಲ ಯಾರು?

ಡೇಟಾಬೇಸ್ ಇನ್‌ಸ್ಟಾಲ್ ಆಗುವಾಗಲೇ ಬಂದವರು. ಕೆಲವು ಅಕೌಂಟ್ ಡೇಟಾಬೇಸ್‌ನ ಒಳಗಿನ ಕೆಲಸಕ್ಕೆ ಬೇಕೇ ಬೇಕು. ಒರಾಕಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಸಿಸ್, ಮೈಎಸ್‌ಕ್ಯುಎಲ್ ಅನ್ನುವುದರಲ್ಲಿ ಮೈಎಸ್‌ಕ್ಯುಎಲ್ ಡಾಟ್ ಸಿಸ್ ಇಂಥವು. ಕೆಲವು ಯಾವುದೋ ಹೆಚ್ಚುವರಿ ಸೌಲಭ್ಯದ ಜೊತೆ ಬಂದಿರುತ್ತವೆ, ಆ ಸೌಲಭ್ಯವನ್ನು ನೀವು ಒಂದು ದಿನವೂ ಬಳಸಿರುವುದಿಲ್ಲ. ಇನ್ನು ಕೆಲವು ಕಲಿಯುವವರಿಗಾಗಿ ಇಟ್ಟ ಮಾದರಿ ಅಕೌಂಟ್‌ಗಳು.

ತೊಂದರೆ ಶುರುವಾಗುವುದು ಇಲ್ಲೇ. ನೀವು ಮಾಡಿಕೊಟ್ಟ ಅಕೌಂಟ್‌ಗೆ ಒಬ್ಬ ಮನುಷ್ಯ ಇರುತ್ತಾನೆ. ಅವನು ಕೆಲಸ ಬಿಟ್ಟರೆ ಯಾರಾದರೂ ಅದನ್ನು ತೆಗೆಸುತ್ತಾರೆ, ಪಾಸ್‌ವರ್ಡ್ ಮರೆತರೆ ಅವನೇ ಬಂದು ಕೇಳುತ್ತಾನೆ. ತಾನಾಗಿ ಬಂದ ಅಕೌಂಟ್‌ಗೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಹತ್ತು ವರ್ಷ ಹಾಗೇ ಬಿದ್ದಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಪುಟದ ಹೆಚ್ಚಿನ ಉತ್ತರಗಳು ಕೊನೆಗೆ ಇದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಗೆಸ್ಟ್ ಅಂದ್ರೂ ಡೀಫಾಲ್ಟ್ ಅಂದ್ರೂ ಒಂದೇ ಅಲ್ವಾ?

ಹತ್ತಿರದ ನಂಟರು, ಆದರೆ ಬೇರೆ ಬೇರೆ. ಡೀಫಾಲ್ಟ್ ಅಕೌಂಟ್ ಅಂದರೆ ಇನ್‌ಸ್ಟಾಲ್ ಜೊತೆಗೇ ಬಂದದ್ದು. ಅದರ ಹೆಸರು ಎಲ್ಲರಿಗೂ ಗೊತ್ತು, ಎಷ್ಟೋ ಸಲ ಪಾಸ್‌ವರ್ಡ್ ಕೂಡ ಗೊತ್ತು. ಗೆಸ್ಟ್ ಅಂದರೆ ಗುರುತು ಇಲ್ಲದವರಿಗೂ ಒಳಗೆ ಜಾಗ ಕೊಡುವ ವ್ಯವಸ್ಥೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಆದ ಎಸ್‌ಕ್ಯುಎಲ್ ಸರ್ವರ್‌ನ ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ. ಸರ್ವರ್‌ಗೆ ಲಾಗಿನ್ ಆದವನಿಗೆ ಒಂದು ಡೇಟಾಬೇಸ್‌ನಲ್ಲಿ ಸ್ವಂತ ಯೂಸರ್ ಇಲ್ಲದಿದ್ದರೆ, ಅಲ್ಲಿ ಗೆಸ್ಟ್ ತೆರೆದಿದ್ದರೆ, ಅವನು ಗೆಸ್ಟ್ ಆಗಿ ಒಳಗೆ ಹೋಗುತ್ತಾನೆ. ಮೈಎಸ್‌ಕ್ಯುಎಲ್‌ನ ಹಳೆಯ ಆವೃತ್ತಿಗಳಲ್ಲಿ ಇದ್ದ ಹೆಸರಿಲ್ಲದ ಯೂಸರ್ ಕೂಡ ಇದೇ ಜಾತಿ.

ಪಬ್ಲಿಕ್ ಅಂತ ಒಂದು ಕಾಣಿಸುತ್ತೆ. ಅದನ್ನೂ ಡಿಲೀಟ್ ಮಾಡ್ಬೇಕಾ?

ಅದು ಯೂಸರ್ ಅಲ್ಲ, ಡಿಲೀಟ್ ಮಾಡಲೂ ಬರುವುದಿಲ್ಲ. ಪಬ್ಲಿಕ್ ಅಂದರೆ ಇಲ್ಲಿರುವ ಎಲ್ಲರೂ ಅಂತ ಅರ್ಥ. ಪಬ್ಲಿಕ್‌ಗೆ ಕೊಟ್ಟ ಪರ್ಮಿಷನ್ ಗೆಸ್ಟ್‌ಗೂ ಸಿಗುತ್ತದೆ, ನಿನ್ನೆ ಸೇರಿದ ಟ್ರೈನಿಗೂ ಸಿಗುತ್ತದೆ, ನಾಳೆ ಸೇರುವವನಿಗೂ ಸಿಗುತ್ತದೆ. ಯಾವುದೋ ಅರ್ಜೆಂಟಿನಲ್ಲಿ ಒಂದು ಟೇಬಲ್ ಓದುವ ಹಕ್ಕನ್ನು ಪಬ್ಲಿಕ್‌ಗೆ ಕೊಟ್ಟು ಮರೆತರೆ ಅದು ಹಾಗೇ ಉಳಿದುಬಿಡುತ್ತದೆ. ಹಾಗಾಗಿ ಗೆಸ್ಟ್ ಪರಿಶೀಲಿಸುವಾಗ ಪಬ್ಲಿಕ್‌ಗೆ ಏನೇನು ಕೊಟ್ಟಿದೆ ಅನ್ನುವುದನ್ನೂ ಜೊತೆಯಲ್ಲೇ ನೋಡಿ.

ನಮ್ಮದು ಚಿಕ್ಕ ಅಂಗಡಿ. ನಮ್ಮ ಬಿಲ್ಲಿಂಗ್ ಡೇಟಾ ತಗೊಂಡು ಯಾರಿಗೆ ಏನಾಗಬೇಕಿದೆ?

ನಿಮ್ಮನ್ನು ಹುಡುಕಿಕೊಂಡು ಯಾರೂ ಬರಬೇಕಾಗಿಲ್ಲ. ಇಂಟರ್ನೆಟ್‌ನಲ್ಲಿ ತೆರೆದಿರುವ ಪೋರ್ಟ್‌ಗಳನ್ನು, ಅಂದರೆ ಸರ್ವರ್‌ಗಳ ನಂಬರ್ ಹಾಕಿದ ಬಾಗಿಲುಗಳನ್ನು, ಹಗಲೂ ರಾತ್ರಿ ತಟ್ಟುತ್ತಾ ಹೋಗುವ ಪ್ರೋಗ್ರಾಂಗಳಿವೆ. 1433, 3306, 5432, 27017 ಅಂತ ಒಂದೊಂದಾಗಿ ತಟ್ಟುತ್ತವೆ, ಗೊತ್ತಿರುವ ಹೆಸರು ಮತ್ತು ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಒಂದೊಂದೇ ಹಾಕಿ ನೋಡುತ್ತವೆ, ಬಾಗಿಲು ತೆರೆದರೆ ಒಳಗೆ ಹೋಗುತ್ತವೆ. ಅದು ಬ್ಯಾಂಕೋ ಕಿರಾಣಿ ಅಂಗಡಿಯೋ ಅನ್ನುವುದು ಅವಕ್ಕೆ ಬೇಕಾಗಿಲ್ಲ.

2017ರ ಜನವರಿಯಲ್ಲಿ ಮೊಂಗೋಡಿಬಿ ಅನ್ನುವ ಡೇಟಾಬೇಸ್‌ನ, ಪಾಸ್‌ವರ್ಡ್ ಇಲ್ಲದ ಸರ್ವರ್‌ಗಳ ಮೇಲೆ ಇಂಥ ದಾಳಿ ನಡೆಯಿತು. ಡೇಟಾ ಅಳಿಸಿ, ಬಿಟ್‌ಕಾಯಿನ್ ಕೊಟ್ಟರೆ ವಾಪಸ್ ಕೊಡುತ್ತೇವೆ ಅಂತ ಒಂದು ಚೀಟಿ ಬಿಟ್ಟು ಹೋದರು. ಹತ್ತಾರು ಸಾವಿರ ಡೇಟಾಬೇಸ್ ಹೀಗೆ ಹೋದವು. ಎಷ್ಟೋ ಕಡೆ ಅವರು ಡೇಟಾದ ಪ್ರತಿ ಇಟ್ಟುಕೊಂಡೇ ಇರಲಿಲ್ಲ, ದುಡ್ಡು ಕೊಟ್ಟವರಿಗೂ ಏನೂ ಸಿಗಲಿಲ್ಲ. 2020ರ ಜುಲೈನಲ್ಲಿ ಬಂದ ಮಿಯಾವ್ ದಾಳಿಯಲ್ಲಿ ದುಡ್ಡನ್ನೂ ಕೇಳಲಿಲ್ಲ. ಡೇಟಾ ಅಳಿಸಿ ಆ ಜಾಗದಲ್ಲಿ ಮಿಯಾವ್ ಅನ್ನುವ ಪದ ಬರೆದು ಹೋದರು, ಅಷ್ಟೇ. ಅಂಗಡಿಯ ಮೂರು ವರ್ಷದ ಲೆಕ್ಕ ಹೋದರೆ ನಷ್ಟ ನಿಮಗೆ. ಅದು ಬೇರೆಯವರಿಗೆ ಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ.

ಇಂಟರ್‌ವ್ಯೂನಲ್ಲಿ ಸ್ಕಾಟ್ ಟೈಗರ್ ಗೊತ್ತಾ ಅಂತ ಕೇಳಿದರು. ಏನದು?

ಒರಾಕಲ್‌ನ ಹಳೆಯ ಮಾದರಿ ಅಕೌಂಟ್. ಹೆಸರು ಸ್ಕಾಟ್, ಪಾಸ್‌ವರ್ಡ್ ಟೈಗರ್. ಕಂಪನಿಯ ಶುರುವಿನ ದಿನಗಳಲ್ಲಿ ಅಲ್ಲಿ ಕೆಲಸ ಮಾಡಿದ ಬ್ರೂಸ್ ಸ್ಕಾಟ್ ಅವರ ಹೆಸರು ಅದು, ಟೈಗರ್ ಅವರ ಮನೆಯ ಬೆಕ್ಕು. ನೌಕರರ ಎಂಪ್ ಮತ್ತು ವಿಭಾಗಗಳ ಡೆಪ್ಟ್ ಅನ್ನುವ ಟೇಬಲ್‌ಗಳು ಈ ಅಕೌಂಟ್‌ನಲ್ಲೇ ಇದ್ದವು. ಎಂಪ್ ಟೇಬಲ್‌ನ 14 ಸಾಲುಗಳಲ್ಲಿ ಸ್ಕಾಟ್ ಕೂಡ ಒಬ್ಬ ಅನಲಿಸ್ಟ್, ಸಂಬಳ 3000. ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯುಎಲ್ ಕಲಿತ ಒಂದು ಇಡೀ ತಲೆಮಾರಿಗೆ ಈ ಟೇಬಲ್ ಮಗ್ಗಿ ಪುಸ್ತಕ ಇದ್ದಂತೆ.

ಕಲಿಯುವ ಮೆಷಿನ್‌ನಲ್ಲಿ ಅದು ಇದ್ದರೆ ಏನೂ ತೊಂದರೆ ಇರಲಿಲ್ಲ. ಲೈವ್ ಸರ್ವರ್‌ಗಳಲ್ಲೂ ಹಾಗೇ ಉಳಿದದ್ದು ತೊಂದರೆ. ಸ್ಕಾಟ್‌ಗೆ ಕೊಟ್ಟಿದ್ದ ಹಕ್ಕುಗಳಲ್ಲಿ ಅನ್‌ಲಿಮಿಟೆಡ್ ಟೇಬಲ್‌ಸ್ಪೇಸ್ ಕೂಡ ಇತ್ತು, ಅಂದರೆ ಆ ಅಕೌಂಟ್‌ನಿಂದ ಡಿಸ್ಕ್ ತುಂಬಿಸಿ ಡೇಟಾಬೇಸ್ ನಿಲ್ಲಿಸಬಹುದಿತ್ತು. ಒಳಗೆ ಕಾಲಿಡಲು ಒಂದು ಸಣ್ಣ ಅಕೌಂಟ್ ಸಿಕ್ಕರೆ ಸಾಕು, ಅಲ್ಲಿಂದ ಮೇಲೆ ಹತ್ತುವ ದಾರಿ ಹುಡುಕಬಹುದು.

## ಒಂದೊಂದು ಡೇಟಾಬೇಸ್‌ಗೆ ಸೇರಿದವು

ಒರಾಕಲ್‌ನಲ್ಲಿ ಯಾವ ಅಕೌಂಟ್‌ಗೆ ಇನ್ನೂ ಹಳೇ ಪಾಸ್‌ವರ್ಡ್ ಇದೆ ಅಂತ ಹೇಗೆ ಗೊತ್ತಾಗುತ್ತೆ? ಒಂದೊಂದಾಗಿ ಲಾಗಿನ್ ಮಾಡಿ ನೋಡ್ಬೇಕಾ?

ಬೇಡ. 11ಜಿ ಆವೃತ್ತಿಯಿಂದ ಇದಕ್ಕೇ ಒಂದು ವ್ಯೂ (ಟೇಬಲ್‌ನಂತೆ ಓದಬಹುದಾದ ಸಿದ್ಧ ಪಟ್ಟಿ) ಇದೆ, ಡಿಬಿಎ ಯೂಸರ್ಸ್ ವಿತ್ ಡೆಫ್‌ಪಿಡಬ್ಲ್ಯುಡಿ ಅಂತ. ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಬೇಕು. ಡೀಫಾಲ್ಟ್ ಪಾಸ್‌ವರ್ಡ್ ಬದಲಾಗದ ಹೆಸರುಗಳನ್ನೆಲ್ಲ ಅದು ಕೊಡುತ್ತದೆ. ಒಂದು ವಿಷಯ ಗಮನಿಸಿ: ಲಾಕ್ ಆಗಿರುವ ಅಕೌಂಟ್‌ಗಳೂ ಅದರಲ್ಲಿ ಬರುತ್ತವೆ. ಎಲ್ಲ ಯೂಸರ್‌ಗಳನ್ನು ತೋರಿಸುವ ಡಿಬಿಎ ಯೂಸರ್ಸ್ ಅನ್ನುವ ವ್ಯೂ ಜೊತೆ ಜೋಡಿಸಿ ಸ್ಟೇಟಸ್ ನೋಡಿ. ಓಪನ್ ಅಂತ ಇರುವುದನ್ನು ಇವತ್ತೇ ಸರಿ ಮಾಡಿ, ಲಾಕ್ ಆದವುಗಳ ಪಾಸ್‌ವರ್ಡನ್ನೂ ಬದಲಾಯಿಸಿ ಇಡಿ, ಏಕೆಂದರೆ ಲಾಕನ್ನು ಯಾರು ಬೇಕಾದರೂ ಒಂದು ದಿನ ಮರೆತು ತೆಗೆಯಬಹುದು.

ಹಿಂದೆ ಸಿಸ್‌ಗೆ ಚೇಂಜ್ ಆನ್ ಇನ್‌ಸ್ಟಾಲ್, ಸಿಸ್ಟಮ್‌ಗೆ ಮ್ಯಾನೇಜರ್ ಅನ್ನುವ ಪಾಸ್‌ವರ್ಡ್ ಇರುತ್ತಿತ್ತು. ಇನ್‌ಸ್ಟಾಲ್ ಆದ ಮೇಲೆ ಬದಲಾಯಿಸು ಅಂತ ಪಾಸ್‌ವರ್ಡೇ ಹೇಳುತ್ತಿದ್ದರೂ ಬದಲಾಯಿಸದವರು ಬಹಳ. ನನಗೆ ಇವೆರಡಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುತ್ತಿದ್ದದ್ದು ಡಿಬಿಎಸ್‌ಎನ್‌ಎಂಪಿ. ಅದು ಮಾನಿಟರಿಂಗ್‌ಗೆ ಬಳಸುವ ಅಕೌಂಟ್, ಪಾಸ್‌ವರ್ಡ್ ಕೂಡ ಅದೇ ಹೆಸರು. ಸುಮ್ನೆ ಮಾನಿಟರಿಂಗ್ ತಾನೇ ಅಂತ ಎಲ್ಲರೂ ಬಿಟ್ಟುಬಿಡುತ್ತಿದ್ದರು. ಆದರೆ ಡಿಕ್ಷನರಿ, ಅಂದರೆ ಡೇಟಾಬೇಸ್ ತನ್ನ ಬಗ್ಗೆಯೇ ಇಟ್ಟುಕೊಳ್ಳುವ ಮಾಹಿತಿ, ಪೂರ್ತಿ ಓದುವ ಹಕ್ಕು ಅದಕ್ಕಿತ್ತು, 11ಜಿ ತನಕ ಆ ಹಕ್ಕಿನಿಂದ ಎಲ್ಲರ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್‌ನ ಗೂಢ ರೂಪ) ಕೂಡ ಓದಬಹುದಿತ್ತು.

19ಸಿ ಬಂದ ಮೇಲೆ ಪರಿಸ್ಥಿತಿ ಎಷ್ಟೋ ಉತ್ತಮ. ಜೊತೆಯಲ್ಲಿ ಬರುವ ಹೆಚ್ಚಿನ ಅಕೌಂಟ್‌ಗಳಿಗೆ ಪಾಸ್‌ವರ್ಡೇ ಇಲ್ಲ, ಅವುಗಳಿಂದ ಲಾಗಿನ್ ಆಗಲು ಸಾಧ್ಯವಿಲ್ಲ.

ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಗೆಸ್ಟ್ ಡಿಲೀಟ್ ಆಗ್ತಾನೇ ಇಲ್ಲ. ಏನ್ ಮಾಡ್ಲಿ?

ಅದು ಡಿಲೀಟ್ ಆಗುವುದಿಲ್ಲ. ಅದರಿಂದ ಕನೆಕ್ಟ್ ಹಕ್ಕನ್ನು ಕಿತ್ತುಕೊಳ್ಳಬೇಕು. ಆ ಡೇಟಾಬೇಸ್‌ಗೆ ಹೋಗಿ ರಿವೋಕ್ ಕನೆಕ್ಟ್ ಫ್ರಮ್ ಗೆಸ್ಟ್ ಅಂತ ಕೊಡಿ. 2005ರ ಆವೃತ್ತಿಯಿಂದ ನೀವು ಹೊಸದಾಗಿ ಮಾಡುವ ಡೇಟಾಬೇಸ್‌ಗಳಲ್ಲಿ ಗೆಸ್ಟ್ ಮೊದಲೇ ಮುಚ್ಚಿರುತ್ತದೆ. ಹೊಸ ಡೇಟಾಬೇಸ್‌ಗಳಿಗೆ ಅಚ್ಚಾದ ಮಾಡೆಲ್ ಡೇಟಾಬೇಸ್‌ನಲ್ಲಿ ಯಾರಾದರೂ ಗೆಸ್ಟ್ ತೆರೆದಿಟ್ಟಿದ್ದರೆ ಮಾತ್ರ ಹೊಸ ಡೇಟಾಬೇಸ್‌ಗಳಿಗೆಲ್ಲ ಅದು ಹಬ್ಬುತ್ತದೆ, ಆದ್ದರಿಂದ ಮಾಡೆಲ್ ಒಳಗೂ ಒಮ್ಮೆ ನೋಡಿ.

ಮಾಸ್ಟರ್, ಟೆಂಪ್‌ಡಿಬಿ, ಎಂಎಸ್‌ಡಿಬಿ ಇವು ಸರ್ವರ್‌ನ ಸ್ವಂತ ಡೇಟಾಬೇಸ್‌ಗಳು. ಮಾಸ್ಟರ್ ಮತ್ತು ಟೆಂಪ್‌ಡಿಬಿಯಲ್ಲಿ ಗೆಸ್ಟ್ ಮುಚ್ಚಲು ಸರ್ವರ್ ಬಿಡುವುದೇ ಇಲ್ಲ. ಎಂಎಸ್‌ಡಿಬಿಯಲ್ಲಿ ಬಿಡುತ್ತದೆ, ಆದರೆ ಮುಚ್ಚಬೇಡಿ. ಆಡಿಟರ್ ಕೊಟ್ಟ ಪಟ್ಟಿ ಹಿಡಿದು ಎಲ್ಲ ಡೇಟಾಬೇಸ್‌ನಲ್ಲೂ ಒಂದೇ ಸ್ಕ್ರಿಪ್ಟ್ ಓಡಿಸಿ, ಮಾರನೇ ದಿನ ಬೆಳಿಗ್ಗೆ ಸಾಮಾನ್ಯ ಬಳಕೆದಾರರಿಗೆಲ್ಲ 916 ನಂಬರಿನ ಎರರ್ ಬಂದು ಕೆಲಸ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೈಕ್ರೋಸಾಫ್ಟ್ ಕೂಡ ಎಂಎಸ್‌ಡಿಬಿಯಲ್ಲಿ ಗೆಸ್ಟ್ ಮುಚ್ಚಬೇಡಿ ಅಂತಲೇ ಹೇಳುತ್ತದೆ.

ಎಸ್‌ಎ ಅಕೌಂಟನ್ನು ಡಿಸೇಬಲ್ ಮಾಡ್ಬೇಕಾ, ಹೆಸರು ಬದಲಾಯಿಸಿದರೆ ಸಾಕಾ?

ಎಸ್‌ಎ ಅಂದರೆ ಎಸ್‌ಕ್ಯುಎಲ್ ಸರ್ವರ್ ಜೊತೆಗೇ ಬರುವ ಅಡ್ಮಿನ್ ಅಕೌಂಟ್. ಅದನ್ನು ಡಿಸೇಬಲ್ ಮಾಡಿ. ಹೆಸರನ್ನೂ ಬದಲಾಯಿಸಿದರೆ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ. ಹೆಸರು ಏನೇ ಇಟ್ಟರೂ ಆ ಅಕೌಂಟ್‌ನ ಒಳಗುರುತು ಅದೇ ಇರುತ್ತದೆ. ಒಳಗೆ ಬಂದವನಿಗೆ ಅದನ್ನು ಹುಡುಕುವುದು ಕಷ್ಟವಲ್ಲ. ಹೆಸರು ಬದಲಾವಣೆಯಿಂದ ಸಿಗುವ ಲಾಭ ಅಂದರೆ ಹೊರಗಿನಿಂದ ಎಸ್‌ಎ ಅಂತಲೇ ಪ್ರಯತ್ನಿಸುವ ಬಾಟ್‌ಗಳು ಸೋಲುತ್ತವೆ. ಇಂಟರ್ನೆಟ್‌ಗೆ ತೆರೆದಿರುವ ಸರ್ವರ್‌ನ ಲಾಗ್ ತೆಗೆದು ಲಾಗಿನ್ ಸೋತಾಗ ಬರುವ 18456 ನಂಬರಿನ ಎರರ್ ಹುಡುಕಿ ನೋಡಿ, ಎಸ್‌ಎ ಹೆಸರಿನಲ್ಲಿ ಎಷ್ಟು ಸಲ ಬಾಗಿಲು ತಟ್ಟಿದ್ದಾರೆ ಅಂತ ಕಾಣುತ್ತದೆ.

ಇದರ ಹಿಂದೆ ದೊಡ್ಡ ಪಾಠ ಒಂದಿದೆ. ಎಸ್‌ಕ್ಯುಎಲ್ ಸರ್ವರ್‌ನ ಹಳೆಯ ಕಾಲದಲ್ಲಿ ಎಸ್‌ಎ ಪಾಸ್‌ವರ್ಡ್ ಖಾಲಿ ಬಿಟ್ಟು ಇನ್‌ಸ್ಟಾಲ್ ಮಾಡಬಹುದಿತ್ತು. ಬೇರೆ ಸಾಫ್ಟ್‌ವೇರ್‌ನ ಜೊತೆ ಎಂಎಸ್‌ಡಿಇ ಅನ್ನುವ ಚಿಕ್ಕ ರೂಪದಲ್ಲಿ ಅದು ಬರುತ್ತಿದ್ದದ್ದರಿಂದ, ತಮ್ಮ ಮೆಷಿನ್‌ನಲ್ಲಿ ಡೇಟಾಬೇಸ್ ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. 2002ರ ಮೇ ತಿಂಗಳಲ್ಲಿ ಸ್ಪೈಡಾ ಅನ್ನುವ ವರ್ಮ್, ಅಂದರೆ ತಾನೇ ಹರಡುವ ದಾಳಿ ಪ್ರೋಗ್ರಾಂ, ಬಂತು. 1433 ಪೋರ್ಟ್ ತಟ್ಟಿ, ಎಸ್‌ಎ ಖಾಲಿ ಇದ್ದರೆ ಒಳಗೆ ಹೋಗುತ್ತಿತ್ತು. ಆಮೇಲೆ ಏನು ಮಾಡುತ್ತಿತ್ತು ನೋಡಿ: ವಿಂಡೋಸ್‌ನ ಗೆಸ್ಟ್ ಅಕೌಂಟನ್ನು ಎಬ್ಬಿಸಿ, ಅದನ್ನು ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರಿಸಿ, ತನ್ನ ಫೈಲ್‌ಗಳನ್ನು ನಕಲು ಮಾಡಿಕೊಂಡು, ಕೆಲಸ ಮುಗಿದ ಮೇಲೆ ಗೆಸ್ಟನ್ನು ಮತ್ತೆ ಮಲಗಿಸಿ, ಎಸ್‌ಎಗೆ ಹೊಸ ಪಾಸ್‌ವರ್ಡ್ ಹಾಕುತ್ತಿತ್ತು. ಡೀಫಾಲ್ಟ್ ಅಕೌಂಟ್ ಒಂದು ಕೈ, ಗೆಸ್ಟ್ ಇನ್ನೊಂದು ಕೈ. ಎರಡೂ ಯಾರ ಗಮನದಲ್ಲೂ ಇರಲಿಲ್ಲ.

ಈಗ ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಲಾಗಿನ್ ಮಾತ್ರ ಸಾಕು ಅಂತ ಆರಿಸಿದರೆ ಎಸ್‌ಎ ತಾನಾಗಿ ಡಿಸೇಬಲ್ ಆಗುತ್ತದೆ.

ಮೈಎಸ್‌ಕ್ಯುಎಲ್‌ನಲ್ಲಿ ಪಾಸ್‌ವರ್ಡ್ ಸರಿಯಾಗೇ ಇದೆ. ಬೇರೆ ಮೆಷಿನ್‌ನಿಂದ ಹೋಗುತ್ತೆ, ಅದೇ ಸರ್ವರ್‌ನಿಂದ ಆಕ್ಸೆಸ್ ಡಿನೈಡ್ ಬರುತ್ತೆ. ಯಾಕೆ?

ಈ ಪ್ರಶ್ನೆ ಕೇಳಿದರೆ ನನಗೆ ಮೊದಲ ಕೆಲಸದ ದಿನಗಳು ನೆನಪಾಗುತ್ತವೆ. ಇದೇ ತೊಂದರೆಗೆ ಒಂದು ಇಡೀ ದಿನ ಕಳೆದಿದ್ದೆ. ಸಂಜೆ ಹೊತ್ತಿಗೆ ಸಿಕ್ಕ ಕಾರಣ ಹೆಸರಿಲ್ಲದ ಯೂಸರ್.

ನಿಮ್ಮ ಯೂಸರ್ ಕಾವ್ಯ, ಎಲ್ಲಿಂದ ಬೇಕಾದರೂ ಬರಬಹುದು ಅಂತ ಹೋಸ್ಟ್ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿದ್ದೀರಿ ಅಂದುಕೊಳ್ಳಿ. ಸರ್ವರ್‌ನಲ್ಲಿ ಹೆಸರೇ ಇಲ್ಲದ ಇನ್ನೊಂದು ಯೂಸರ್ ಇದೆ, ಅದರ ಹೋಸ್ಟ್ ಲೋಕಲ್‌ಹೋಸ್ಟ್, ಅಂದರೆ ಅದೇ ಮೆಷಿನ್. ಲಾಗಿನ್ ಬಂದಾಗ ಮೈಎಸ್‌ಕ್ಯುಎಲ್ ಮೊದಲು ಹೋಸ್ಟ್ ನೋಡಿ ಸಾಲು ಜೋಡಿಸುತ್ತದೆ, ನಿಖರವಾದದ್ದು ಮೇಲೆ. ಲೋಕಲ್‌ಹೋಸ್ಟ್ ಅನ್ನುವುದು ಶೇಕಡಾ ಚಿಹ್ನೆಗಿಂತ ನಿಖರ. ಹೆಸರಿಲ್ಲದ ಯೂಸರ್ ಯಾವ ಹೆಸರಿಗಾದರೂ ಹೊಂದುತ್ತದೆ. ಹಾಗಾಗಿ ಕಾವ್ಯ ಅಂತ ಬಂದರೂ ಸರ್ವರ್ ಅವಳನ್ನು ಅನಾಮಿಕ ಅಂತ ತಿಳಿದು, ಅನಾಮಿಕನ ಖಾಲಿ ಪಾಸ್‌ವರ್ಡ್ ಜೊತೆ ಅವಳ ಪಾಸ್‌ವರ್ಡ್ ಹೋಲಿಸಿ, ಆಗಲ್ಲ ಅನ್ನುತ್ತದೆ. ಕಾವ್ಯ ಪಾಸ್‌ವರ್ಡ್ ಕೊಡದೆ ಬಂದರೆ ಒಳಗೆ ಬಿಡುತ್ತದೆ. ಆಗ ಯೂಸರ್ ಫಂಕ್ಷನ್ ಮತ್ತು ಕರೆಂಟ್ ಯೂಸರ್ ಫಂಕ್ಷನ್ ಎರಡನ್ನೂ ಓಡಿಸಿ. ಮೊದಲನೆಯದು ನೀವು ಹೇಳಿಕೊಂಡ ಹೆಸರು, ಎರಡನೆಯದು ಸರ್ವರ್ ನಿಮ್ಮನ್ನು ಯಾರು ಅಂದುಕೊಂಡಿದೆ ಅನ್ನುವುದು. ಎರಡೂ ಬೇರೆ ಬಂದರೆ ಕಾರಣ ಸಿಕ್ಕಿತು.

ಹೆಸರಿಲ್ಲದ ಆ ಯೂಸರ್‌ನನ್ನು ಡ್ರಾಪ್ ಮಾಡಿ, ಅಥವಾ ಮೈಎಸ್‌ಕ್ಯುಎಲ್ ಸೆಕ್ಯೂರ್ ಇನ್‌ಸ್ಟಲೇಷನ್ ಪ್ರೋಗ್ರಾಂ ಓಡಿಸಿ. 2015ರಲ್ಲಿ ಬಂದ 5.7ರಿಂದ ಹೊಸ ಇನ್‌ಸ್ಟಾಲ್‌ನಲ್ಲಿ ಈ ಯೂಸರ್ ಬರುವುದಿಲ್ಲ. ಆದರೆ 5.5, 5.6ರಿಂದ ಅಪ್‌ಗ್ರೇಡ್ ಮಾಡಿಕೊಂಡು ಬಂದ ಸರ್ವರ್‌ಗಳಲ್ಲಿ ಹಳೆಯ ಸಾಲುಗಳು ಹಾಗೇ ಉಳಿದಿರುತ್ತವೆ.

ಟೆಸ್ಟ್ ಡೇಟಾಬೇಸ್ ಇದ್ದರೆ ಏನ್ ಮಹಾ ತೊಂದರೆ? ಅದರಲ್ಲಿ ಏನೂ ಇಲ್ಲವಲ್ಲ.

ಹಳೆಯ ಮೈಎಸ್‌ಕ್ಯುಎಲ್‌ನಲ್ಲಿ ಟೆಸ್ಟ್ ಅನ್ನುವ ಡೇಟಾಬೇಸ್‌ಗೆ ಮಾತ್ರ ಅಲ್ಲ, ಟೆಸ್ಟ್ ಮತ್ತು ಅಂಡರ್‌ಸ್ಕೋರ್‌ನಿಂದ ಹೆಸರು ಶುರುವಾಗುವ ಎಲ್ಲ ಡೇಟಾಬೇಸ್‌ಗೂ ಎಲ್ಲರಿಗೂ ಹಕ್ಕು ಕೊಟ್ಟಿರುತ್ತದೆ. ಈಗ ಯೋಚಿಸಿ. ಹೊಸ ಹುಡುಗ ಒಬ್ಬ ಲೈವ್ ಡೇಟಾದ ಪ್ರತಿ ತೆಗೆದು ಟೆಸ್ಟ್ ಅಂಡರ್‌ಸ್ಕೋರ್ ಪೇರೋಲ್ ಅಂತ ಹೆಸರಿಡುತ್ತಾನೆ. ಅವನು ತಪ್ಪೇನೂ ಮಾಡಿಲ್ಲ, ಎಲ್ಲರೂ ಇಡುವ ಹೆಸರೇ ಅದು. ಆದರೆ ಆ ಕ್ಷಣದಿಂದ ಸರ್ವರ್‌ನ ಪ್ರತಿ ಯೂಸರ್‌ಗೂ ಇಡೀ ಆಫೀಸಿನ ಸಂಬಳ ಕಾಣುತ್ತದೆ. ಡಿಬಿ ಅನ್ನುವ ಸಿಸ್ಟಮ್ ಟೇಬಲ್‌ನಲ್ಲಿ ಆ ಎರಡು ಸಾಲು ಇದ್ದರೆ ತೆಗೆದುಹಾಕಿ, ಆಮೇಲೆ ಸರ್ವರ್ ಹಕ್ಕುಗಳನ್ನು ಮತ್ತೆ ಓದುವಂತೆ ಫ್ಲಶ್ ಪ್ರಿವಿಲೇಜಸ್ ಕೊಡುವುದನ್ನು ಮರೆಯಬೇಡಿ.

ಉಬುಂಟುನಲ್ಲಿ ರೂಟ್ ಪಾಸ್‌ವರ್ಡ್ ಇಲ್ಲದೇ ಮೈಎಸ್‌ಕ್ಯುಎಲ್ ಒಳಗೆ ಹೋಗ್ತಿದೆ! ಹ್ಯಾಕ್ ಆಗಿದೆಯಾ?

ಗಾಬರಿ ಬೇಡ. ಅಲ್ಲಿ ಮೈಎಸ್‌ಕ್ಯುಎಲ್‌ನ ಅಡ್ಮಿನ್ ಆದ ರೂಟ್ ಅಕೌಂಟ್ ಪಾಸ್‌ವರ್ಡ್ ನೋಡುವುದಿಲ್ಲ, ಲಿನಕ್ಸ್‌ನಲ್ಲಿ ನೀವು ರೂಟ್ ಹೌದಾ ಅಂತ ನೋಡುತ್ತದೆ. ಲಿನಕ್ಸ್ ರೂಟ್ ಆಗಿ ಓಡಿಸುವ ಸುಡೋ ಹಾಕಿದ್ದಕ್ಕೆ ಒಳಗೆ ಹೋಯಿತು. ಮೈಎಸ್‌ಕ್ಯುಎಲ್‌ನಿಂದ ಕವಲೊಡೆದ ಮಾರಿಯಾಡಿಬಿ ಕೂಡ 10.4ರಿಂದ ಹೀಗೇ. ನೆಟ್‌ವರ್ಕ್‌ನಿಂದ ಯಾರೂ ಹೀಗೆ ಬರಲಾರರು, ಆದ್ದರಿಂದ ಇದು ಸುಲಭದ ಪಾಸ್‌ವರ್ಡ್‌ಗಿಂತ ಜಾಸ್ತಿ ಭದ್ರ. ಸುಡೋ ಇಲ್ಲದೆ, ಸಾಮಾನ್ಯ ಲಿನಕ್ಸ್ ಯೂಸರ್ ಆಗಿಯೂ ರೂಟ್ ಅಂತ ಹೋಗಲು ಆದರೆ ಆಗ ಚಿಂತಿಸಿ.

ಪೋಸ್ಟ್‌ಗ್ರೆಸ್‌ನಲ್ಲಿ ಗೆಸ್ಟ್ ಇಲ್ಲವಲ್ಲ, ನಾವು ನಿಶ್ಚಿಂತೆಯಿಂದ ಇರಬಹುದಾ?

ಹೆಸರಿನಲ್ಲಿ ಗೆಸ್ಟ್ ಇಲ್ಲ, ನಿಜ. ಎರಡು ಕಡೆ ನೋಡಿ. ಯಾರನ್ನು ಎಲ್ಲಿಂದ ಹೇಗೆ ಒಳಗೆ ಬಿಡಬೇಕು ಅಂತ ಬರೆದಿರುವ ಪಿಜಿ ಎಚ್‌ಬಿಎ ಡಾಟ್ ಕಾನ್ಫ್ ಫೈಲ್‌ನಲ್ಲಿ ಟ್ರಸ್ಟ್ ಅಂತ ಇದ್ದರೆ, ಆ ಸಾಲಿಗೆ ಹೊಂದುವ ಜಾಗದಿಂದ ಯಾರು ಬಂದು ನಾನು ಪೋಸ್ಟ್‌ಗ್ರೆಸ್ ಯೂಸರ್ ಅಂದರೂ ನಂಬಿ ಒಳಗೆ ಬಿಡುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಆ ಯೂಸರ್ ಎಲ್ಲ ಹಕ್ಕೂ ಇರುವ ಸೂಪರ್‌ಯೂಸರ್. ಪಾಸ್‌ವರ್ಡ್ ಮರೆತಾಗ ಐದು ನಿಮಿಷಕ್ಕೆ ಅಂತ ಟ್ರಸ್ಟ್ ಹಾಕಿದವರು ವರ್ಷಗಟ್ಟಲೆ ತೆಗೆಯದೆ ಬಿಟ್ಟಿರುತ್ತಾರೆ.

ಇನ್ನೊಂದು ಪಬ್ಲಿಕ್ ಸ್ಕೀಮಾ. ಸ್ಕೀಮಾ ಅಂದರೆ ಟೇಬಲ್, ಫಂಕ್ಷನ್‌ಗಳನ್ನು ಇಡುವ ಒಂದು ವಿಭಾಗ. 2022ರಲ್ಲಿ ಬಂದ 15ನೇ ಆವೃತ್ತಿಗೆ ಮೊದಲು, ಯಾವ ಯೂಸರ್ ಬೇಕಾದರೂ ಅದರಲ್ಲಿ ಟೇಬಲ್, ಫಂಕ್ಷನ್ ಮಾಡಬಹುದಿತ್ತು. ಒಬ್ಬ ಅಲ್ಲಿ ಕಪಟ ಫಂಕ್ಷನ್ ಇಟ್ಟು, ಅಡ್ಮಿನ್ ಗೊತ್ತಿಲ್ಲದೆ ಅದನ್ನು ಓಡಿಸುವಂತೆ ಮಾಡಬಹುದು. 2018ರಲ್ಲಿ ಪೋಸ್ಟ್‌ಗ್ರೆಸ್‌ನವರು ಇದಕ್ಕೆ ಎಚ್ಚರಿಕೆಯನ್ನೂ ಕೊಟ್ಟರು. ಹಳೆಯ ಡೇಟಾಬೇಸನ್ನು 15ಕ್ಕೆ ತಂದರೆ ಹಳೆಯ ಹಕ್ಕು ಜೊತೆಯಲ್ಲೇ ಬರುತ್ತದೆ, ನೀವೇ ಕೈಯಾರೆ ರಿವೋಕ್ ಮಾಡಬೇಕು. ಇದನ್ನು ತಿಳಿಯದೆ, ಹೊಸ ಆವೃತ್ತಿ ಹಾಕಿದೆವು ಅಂತ ನೆಮ್ಮದಿಯಾಗಿ ಇರುವವರು ಬಹಳ ಮಂದಿ.

ಮೊಂಗೋ, ರೆಡಿಸ್, ಎಲಾಸ್ಟಿಕ್‌ನಲ್ಲಿ ಡೀಫಾಲ್ಟ್ ಯೂಸರ್ ಯಾವುದು?

ಮೊಂಗೋದಲ್ಲಿ ಇವತ್ತಿಗೂ ಆಥೆಂಟಿಕೇಷನ್ ನೀವೇ ಆನ್ ಮಾಡಬೇಕು. ಆನ್ ಮಾಡದಿದ್ದರೆ ತಲುಪಿದವರೆಲ್ಲ ಯಜಮಾನರೇ. 3.6ರಿಂದ ಅದು ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ, ಆದರೆ ಎಲ್ಲಿ ಕೇಳಿಸಿಕೊಳ್ಳಬೇಕು ಅಂತ ಹೇಳುವ ಬೈಂಡ್ ಐಪಿ ಸೆಟ್ಟಿಂಗ್ ಬದಲಾಯಿಸಿದ ಕೂಡಲೇ ಆ ರಕ್ಷಣೆ ಹೋಯಿತು. ರೆಡಿಸ್ 6ರಿಂದ ಡೀಫಾಲ್ಟ್ ಅಂತಲೇ ಹೆಸರಿರುವ ಯೂಸರ್ ಇದೆ. ಪಾಸ್‌ವರ್ಡ್ ಇಲ್ಲ, ಎಲ್ಲ ಹಕ್ಕೂ ಇದೆ. ಎಲಾಸ್ಟಿಕ್‌ಸರ್ಚ್ 8.0ರಿಂದ ಭದ್ರತೆ ಮೊದಲೇ ಆನ್ ಇರುತ್ತದೆ. ಕಸಾಂಡ್ರಾ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಪಾಸ್‌ವರ್ಡ್ ಆನ್ ಮಾಡಿದಾಗ ಹೆಸರೂ ಪಾಸ್‌ವರ್ಡೂ ಎರಡೂ ಕಸಾಂಡ್ರಾ. ಬೇರೆ ಸೂಪರ್‌ಯೂಸರ್ ಮಾಡಿಕೊಂಡು ಅದನ್ನು ಮುಚ್ಚಿ.

ಡಾಕರ್‌ನಲ್ಲಿ ಓಡಿಸ್ತಿದ್ದೀನಿ, ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಇದೆ. ಸೇಫ್ ತಾನೇ?

ಇಲ್ಲ. ಡಾಕರ್ ಅಂದರೆ ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಡಬ್ಬಿಗಳೊಳಗೆ ಓಡಿಸುವ ಟೂಲ್. ಅದರಲ್ಲಿ ಪೋರ್ಟ್ ಪಬ್ಲಿಷ್ ಮಾಡಿದರೆ, ಅಂದರೆ ಹೊರಗೆ ತೆರೆದರೆ, ಅದು ಯುಎಫ್‌ಡಬ್ಲ್ಯು ನಿಯಮಗಳನ್ನು ದಾಟಿಕೊಂಡು ಹೋಗುತ್ತದೆ. ಯುಎಫ್‌ಡಬ್ಲ್ಯು 3306 ಬಂದ್ ಅಂತ ತೋರಿಸುತ್ತಿರುತ್ತದೆ, ಹೊರಗಿನಿಂದ ತೆರೆದೇ ಇರುತ್ತದೆ. ಪೋರ್ಟ್ ನಂಬರಿನ ಮುಂದೆ 127.0.0.1, ಅಂದರೆ ಅದೇ ಮೆಷಿನ್‌ನ ವಿಳಾಸ, ಹಾಕಿ ಪಬ್ಲಿಷ್ ಮಾಡಿ, ಅಥವಾ ಬೇಕಾಗಿಲ್ಲದಿದ್ದರೆ ಪಬ್ಲಿಷ್ ಮಾಡಲೇಬೇಡಿ, ಕಂಟೇನರ್‌ಗಳು ತಮ್ಮೊಳಗೆ ಮಾತಾಡಿಕೊಳ್ಳುತ್ತವೆ. ಮೈಎಸ್‌ಕ್ಯುಎಲ್‌ನ ಡಾಕರ್ ಇಮೇಜ್‌ನಲ್ಲಿ (ಕಂಟೇನರ್ ಮಾಡುವ ಸಿದ್ಧ ಅಚ್ಚು) ರೂಟ್ ಎಲ್ಲಿಂದ ಬೇಕಾದರೂ ಬರಬಹುದು ಅಂತ ಇರುತ್ತದೆ. ಮೊಂಗೋ ಇಮೇಜ್‌ಗೆ ನೀವು ರೂಟ್ ಹೆಸರು ಮತ್ತು ಪಾಸ್‌ವರ್ಡ್ ಕೊಡದಿದ್ದರೆ ಆಥೆಂಟಿಕೇಷನ್ ಇಲ್ಲದೇ ಓಡುತ್ತದೆ. ಇಂಟರ್ನೆಟ್‌ನಿಂದ ನಕಲು ಮಾಡಿದ, ಡಾಕರ್ ಸೆಟ್ಟಿಂಗ್‌ಗಳನ್ನು ಬರೆದ ಕಂಪೋಸ್ ಫೈಲ್‌ನ ಪಾಸ್‌ವರ್ಡ್ ಕೂಡ ಡೀಫಾಲ್ಟ್ ಪಾಸ್‌ವರ್ಡೇ, ಅದನ್ನು ಸಾವಿರಾರು ಜನ ಓದಿದ್ದಾರೆ.

## ಕೈ ಹಾಕುವಾಗ ಏಳುವ ಪ್ರಶ್ನೆಗಳು

ಲಾಕ್ ಮಾಡೋದಾ, ಡಿಲೀಟ್ ಮಾಡೋದಾ?

ಅನುಮಾನ ಇದ್ದರೆ ಲಾಕ್. ಡಿಲೀಟ್ ಮಾಡಿದರೆ ಆ ಅಕೌಂಟ್‌ನ ಟೇಬಲ್, ಪ್ರೊಸೀಜರ್‌ಗಳೂ ಹೋಗಬಹುದು, ಒರಾಕಲ್‌ನಲ್ಲಿ ಅಂತೂ ಯೂಸರ್ ಮತ್ತು ಸ್ಕೀಮಾ ಒಂದೇ. ಲಾಕ್ ಮಾಡಿ, ಪಾಸ್‌ವರ್ಡ್ ಎಕ್ಸ್‌ಪೈರ್ ಮಾಡಿ, ತಿಂಗಳ ಕೊನೆ, ಕ್ವಾರ್ಟರ್ ಕೊನೆ ಎರಡೂ ದಾಟುವ ತನಕ ಕಾಯಿರಿ. ವರ್ಷಕ್ಕೆ ಒಂದೇ ಸಲ ಮಾರ್ಚ್ 31ಕ್ಕೆ ಓಡುವ ಜಾಬ್ ಒಂದು ಎಲ್ಲ ಆಫೀಸಿನಲ್ಲೂ ಇರುತ್ತದೆ. ಮಾದರಿ ಸ್ಕೀಮಾ, ಹೆಸರಿಲ್ಲದ ಯೂಸರ್ ಇಂಥವನ್ನು ನೇರವಾಗಿ ಡಿಲೀಟ್ ಮಾಡಬಹುದು. ಮೈಎಸ್‌ಕ್ಯುಎಲ್ ಡಾಟ್ ಸಿಸ್, ಮೈಎಸ್‌ಕ್ಯುಎಲ್ ಡಾಟ್ ಸೆಷನ್, ಮೈಎಸ್‌ಕ್ಯುಎಲ್ ಡಾಟ್ ಇನ್ಫೋಸ್ಕೀಮಾ ಮೂರನ್ನೂ ಮುಟ್ಟಬೇಡಿ. ಅವು ಲಾಕ್ ಆಗಿಯೇ ಬಂದಿರುತ್ತವೆ, ಸರ್ವರ್‌ಗೆ ಬೇಕು.

ಪಾಸ್‌ವರ್ಡ್ ಬದಲಾಯಿಸಿದರೆ ಯಾವ ಅಪ್ಲಿಕೇಷನ್ ನಿಲ್ಲುತ್ತೋ ಅಂತ ಭಯ. ಎಲ್ಲಿಂದ ಶುರು ಮಾಡ್ಲಿ?

ಈ ಭಯ ಸರಿಯಾದದ್ದೇ. ಇದನ್ನು ತಳ್ಳಿಹಾಕುವವರ ಮಾತು ಕೇಳಬೇಡಿ. ಮೊದಲು ಏನನ್ನೂ ಬದಲಾಯಿಸದೆ ಸುಮ್ನೆ ನೋಡಿ. ಆ ಅಕೌಂಟ್‌ನ ಲಾಗಿನ್‌ಗಳನ್ನು ಒಂದು ತಿಂಗಳಾದರೂ ಆಡಿಟ್ ಮಾಡಿ. ಯಾವ ಮೆಷಿನ್, ಯಾವ ಪ್ರೋಗ್ರಾಂ, ಯಾವ ಹೊತ್ತು ಅನ್ನುವುದು ಸಿಗುತ್ತದೆ. ರಾತ್ರಿ ಎರಡು ಗಂಟೆಗೆ ಬರುವುದು ಬ್ಯಾಕಪ್ ಜಾಬ್ ಇರಬಹುದು. ಮಧ್ಯಾಹ್ನ ಮೂರಕ್ಕೆ ಯಾರದೋ ಲ್ಯಾಪ್‌ಟಾಪ್‌ನಿಂದ ಬಂದರೆ ಹೋಗಿ ಅವರನ್ನೇ ಕೇಳಿ. ಒಂದೊಂದಕ್ಕೂ ಬೇರೆ ಅಕೌಂಟ್ ಮಾಡಿಕೊಟ್ಟು, ಅವು ಹೊಸದಕ್ಕೆ ಬಂದ ಮೇಲೆ, ಹಳೆಯದರಲ್ಲಿ ಒಂದೂ ಲಾಗಿನ್ ಇಲ್ಲ ಅಂತ ಖಾತ್ರಿಯಾದ ಮೇಲೆ, ಕೆಲಸದ ದಿನ ಬೆಳಿಗ್ಗೆ ಮುಚ್ಚಿ. ಶುಕ್ರವಾರ ಸಂಜೆ ಬೇಡ.

ಸಾಫ್ಟ್‌ವೇರ್ ಕೊಟ್ಟವರು ಎಸ್‌ಎ ಬೇಕೇ ಬೇಕು, ಇಲ್ಲಾಂದ್ರೆ ಸಪೋರ್ಟ್ ಇಲ್ಲ ಅಂತಾರೆ. ಏನ್ ಮಾಡೋದು?

ಯಾವ ಹಕ್ಕುಗಳು ಬೇಕು ಅಂತ ಬರೆದು ಕೊಡಿ ಅಂತ ಕೇಳಿ. ಇನ್‌ಸ್ಟಾಲ್ ಮಾಡುವಾಗ ದೊಡ್ಡ ಹಕ್ಕು ಬೇಕಾಗಬಹುದು, ದಿನದ ಕೆಲಸಕ್ಕೆ ಬೇಕಾಗುವುದು ಅಪರೂಪ. ನಾನು ನೋಡಿದ ಒಂದು ಕಡೆ ಸಾಫ್ಟ್‌ವೇರ್ ಕೊಟ್ಟವರು ತಮ್ಮ ಗಿರಾಕಿಗಳಿಗೆಲ್ಲ ಎಸ್‌ಎಗೆ ಒಂದೇ ಪಾಸ್‌ವರ್ಡ್ ಇಟ್ಟಿದ್ದರು, ಸಪೋರ್ಟ್ ಹುಡುಗರಿಗೆ ನೆನಪಿರಲಿ ಅಂತ. ಕೆಲಸ ಬಿಟ್ಟ ಪ್ರತಿ ಹುಡುಗನೂ ಆ ಎಲ್ಲ ಅಂಗಡಿಗಳ ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ ಹೋದ. ಆ ಸಾಫ್ಟ್‌ವೇರ್‌ನ ಒಂದು ಡೇಟಾಬೇಸ್‌ಗೆ ಮಾತ್ರ ಪೂರ್ತಿ ಹಕ್ಕಿರುವ ಡಿಬಿ ಓನರ್ ಲಾಗಿನ್ ಮಾಡಿಕೊಟ್ಟೆವು, ಸಾಫ್ಟ್‌ವೇರ್ ಏನೂ ತಕರಾರಿಲ್ಲದೆ ಓಡಿತು. ಒಪ್ಪದೇ ಇದ್ದರೆ ಆ ಸಾಫ್ಟ್‌ವೇರ್‌ಗೆ ಬೇರೆಯದೇ ಸರ್ವರ್ ಕೊಡಿ, ಬೇರೆ ಡೇಟಾ ಅದರ ಪಕ್ಕ ಇಡಬೇಡಿ.

## ಸ್ವಲ್ಪ ಆಳಕ್ಕೆ ಹೋದವರು ಕೇಳುವವು

ಗೆಸ್ಟ್‌ಗೆ ಏನೂ ಪರ್ಮಿಷನ್ ಕೊಟ್ಟಿಲ್ಲ. ಒಳಗೆ ಬಂದರೂ ಏನು ಮಾಡೋಕಾಗುತ್ತೆ?

ಒಂದು ಉದಾಹರಣೆ ಕೊಡುತ್ತೇನೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕ್ರಾಸ್ ಡಿಬಿ ಓನರ್‌ಶಿಪ್ ಚೈನಿಂಗ್ ಅಂತ ಒಂದು ಸೆಟ್ಟಿಂಗ್ ಇದೆ. ಸಾಮಾನ್ಯವಾಗಿ ಆಫ್ ಇರುತ್ತದೆ, ಹಳೆಯ ಅಪ್ಲಿಕೇಷನ್‌ಗಳಿಗಾಗಿ ಕೆಲವರು ಆನ್ ಮಾಡಿರುತ್ತಾರೆ. ಎ ಮತ್ತು ಬಿ ಅಂತ ಎರಡು ಡೇಟಾಬೇಸ್, ಎರಡಕ್ಕೂ ಮಾಲೀಕ ಎಸ್‌ಎ. ಒಬ್ಬ ಡೆವಲಪರ್‌ಗೆ ಎ ಒಳಗೆ ವ್ಯೂ ಮಾಡುವ ಹಕ್ಕಿದೆ, ಬಿ ಒಳಗೆ ಅವನಿಗೆ ಯೂಸರ್ ಇಲ್ಲ. ಅವನು ಎ ಒಳಗೆ ಡಿಬಿಒ (ಡೇಟಾಬೇಸ್‌ನ ಮಾಲೀಕ) ಹೆಸರಿನಲ್ಲಿ ಒಂದು ವ್ಯೂ ಮಾಡಿ, ಅದರಿಂದ ಬಿ ಒಳಗಿನ ಟೇಬಲ್ ಓದಲು ನೋಡುತ್ತಾನೆ. ಬಿ ಒಳಗೆ ಗೆಸ್ಟ್ ಮುಚ್ಚಿದ್ದರೆ ಅಲ್ಲೇ ನಿಂತಿತು. ಗೆಸ್ಟ್ ತೆರೆದಿದ್ದರೆ ಅವನಿಗೆ ಕಾಲಿಡಲು ಜಾಗ ಸಿಕ್ಕಿತು, ಮಾಲೀಕ ಒಬ್ಬನೇ ಆದ್ದರಿಂದ ಸರ್ವರ್ ಆ ಟೇಬಲ್‌ನ ಪರ್ಮಿಷನ್ ಕೇಳುವುದೇ ಇಲ್ಲ. ಗೆಸ್ಟ್‌ಗೆ ಒಂದು ಟೇಬಲ್ ಓದುವ ಹಕ್ಕೂ ಇರಲಿಲ್ಲ, ಆದರೂ ಟೇಬಲ್ ಪೂರ್ತಿ ಹೊರಗೆ ಬಂತು.

ಎಲ್ಲ ಪಾಸ್‌ವರ್ಡ್ ಬದಲಾಯಿಸಿದ್ದೀನಿ. ಇನ್ನೂ ಗೊತ್ತಿಲ್ಲದ ಅಕೌಂಟ್ ಇರೋ ಸಾಧ್ಯತೆ ಇದೆಯಾ?

ಇಂಟರ್‌ಬೇಸ್ ಡೇಟಾಬೇಸ್‌ನ ಕಥೆ ಕೇಳಿ. ಅದರ ಡೀಫಾಲ್ಟ್ ಅಡ್ಮಿನ್ ಸಿಸ್‌ಡಿಬಿಎ, ಪಾಸ್‌ವರ್ಡ್ ಮಾಸ್ಟರ್‌ಕೀ. ಅದನ್ನು ಬದಲಾಯಿಸಿ ಜನ ನೆಮ್ಮದಿಯಾಗಿದ್ದರು. 2000ದಲ್ಲಿ ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆಯಿತು. ಕೋಡ್ ಓದಿದವರಿಗೆ ಇನ್ನೊಂದು ಅಕೌಂಟ್ ಸಿಕ್ಕಿತು. ಹೆಸರು ಪೊಲಿಟಿಕಲಿ, ಪಾಸ್‌ವರ್ಡ್ ಕರೆಕ್ಟ್. ಅದನ್ನು ಕೋಡ್‌ನ ಒಳಗೇ ಬರೆದಿದ್ದರು, ಹಾಗಾಗಿ ಅಡ್ಮಿನ್ ಅದನ್ನು ಬದಲಾಯಿಸಲೂ ಆಗುತ್ತಿರಲಿಲ್ಲ. 2001ರ ಜನವರಿಯಲ್ಲಿ ಕಂಪ್ಯೂಟರ್ ಭದ್ರತೆಯ ಸರ್ಟ್ ಸಂಸ್ಥೆ ಎಚ್ಚರಿಕೆ ಪ್ರಕಟಿಸಿತು. ಅಷ್ಟರೊಳಗೆ ಆ ಬಾಗಿಲು ವರ್ಷಗಟ್ಟಲೆ ತೆರೆದಿತ್ತು.

ಇಂಥದ್ದಕ್ಕೆ ಪಾಸ್‌ವರ್ಡ್ ಬದಲಾವಣೆ ಮದ್ದಲ್ಲ. ಪ್ಯಾಚ್ ಹಾಕಬೇಕು, ಮತ್ತು ಡೇಟಾಬೇಸ್ ಪೋರ್ಟ್ ಬೇಕಾದವರಿಗೆ ಮಾತ್ರ ತಲುಪುವಂತೆ ಇರಬೇಕು. ಆಗ ಗೊತ್ತಿಲ್ಲದ ಅಕೌಂಟ್ ಇದ್ದರೂ ಅದನ್ನು ಬಳಸುವವನು ಮೊದಲು ನಿಮ್ಮ ನೆಟ್‌ವರ್ಕ್ ಒಳಗೆ ಬರಬೇಕಾಗುತ್ತದೆ.

ಕ್ಲೌಡ್‌ನಲ್ಲಿ ಇದೆಲ್ಲ ಅವರೇ ನೋಡ್ಕೊಳ್ತಾರೆ ಅಲ್ವಾ?

ಅರ್ಧ ನೋಡಿಕೊಳ್ಳುತ್ತಾರೆ. ಅಮೆಜಾನ್‌ನ ಕ್ಲೌಡ್ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿ ಆರ್‌ಡಿಎಸ್ ಅಡ್ಮಿನ್ ಅನ್ನುವ ಅಕೌಂಟ್ ಅವರದ್ದು, ಅದನ್ನು ನೀವು ಮುಟ್ಟಬೇಕಾಗಿಲ್ಲ. ಆದರೆ ಶುರುವಿನಲ್ಲಿ ನೀವು ಮಾಡುವ ಮಾಸ್ಟರ್ ಯೂಸರ್ ನಿಮ್ಮ ಹೊಣೆ. ಅದಕ್ಕೆ ಅಡ್ಮಿನ್ ಅಂತ ಹೆಸರಿಟ್ಟು, ಅದನ್ನೇ ಅಪ್ಲಿಕೇಷನ್‌ಗೆ ಕೊಟ್ಟು, ಪಬ್ಲಿಕ್ ಆಕ್ಸೆಸ್‌ಗೆ ಹೌದು ಅಂದರೆ ಹಳೆಯ ಎಸ್‌ಎ ಕಥೆಯೇ ಹೊಸ ಜಾಗದಲ್ಲಿ ನಡೆಯುತ್ತದೆ.

ಕಾನೂನು ಏನಾದರೂ ಹೇಳುತ್ತಾ? ಮ್ಯಾನೇಜರ್‌ನ ಒಪ್ಪಿಸೋಕೆ ಬೇಕು.

ಕಾರ್ಡ್ ಪಾವತಿ ಡೇಟಾ ಇಟ್ಟುಕೊಂಡಿದ್ದರೆ ಕಾರ್ಡ್ ಉದ್ಯಮದ ಭದ್ರತಾ ನಿಯಮಾವಳಿಯಾದ ಪಿಸಿಐ ಡಿಎಸ್‌ಎಸ್ ನೇರವಾಗಿ ಹೇಳುತ್ತದೆ: ಜೊತೆಯಲ್ಲಿ ಬಂದ ಅಕೌಂಟ್ ಬಳಸುವುದಾದರೆ ಪಾಸ್‌ವರ್ಡ್ ಬದಲಾಯಿಸಿ, ಬಳಸದಿದ್ದರೆ ತೆಗೆಯಿರಿ ಅಥವಾ ಮುಚ್ಚಿ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಸರಿಯಾದ ಭದ್ರತೆ ವಹಿಸದೆ ಡೇಟಾ ಸೋರಿದರೆ 250 ಕೋಟಿ ರೂಪಾಯಿ ತನಕ ದಂಡಕ್ಕೆ ಅವಕಾಶ ಕೊಟ್ಟಿದೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಹತ್ತು ಜನ ಒಂದೇ ಎಸ್‌ಎ ಬಳಸುತ್ತಿದ್ದರೆ ಆ ಲಾಗ್ ಇದ್ದೂ ಪ್ರಯೋಜನವಿಲ್ಲ, ಯಾರು ಮಾಡಿದ್ದು ಅಂತ ಅದು ಹೇಳಲಾರದು. ಮ್ಯಾನೇಜರ್‌ಗೆ ಈ ಮಾತು ದಂಡದ ಮೊತ್ತಕ್ಕಿಂತ ಬೇಗ ಅರ್ಥವಾಗುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ದಿಡ್ಡಿ ಬಾಗಿಲು ಯಾವುದು ಅಂತ ಮೊದಲೇ ಗೊತ್ತಿದೆ.

ಒಂದು ಸಲ ಸರಿ ಮಾಡಿದರೆ ಮುಗೀತಲ್ವಾ? ಮತ್ತೆ ಯಾವಾಗ ನೋಡ್ಬೇಕು?

ಮೂರು ಸಂದರ್ಭದಲ್ಲಿ ಖಂಡಿತ ನೋಡಿ. ಅಪ್‌ಗ್ರೇಡ್ ಆದ ಮೇಲೆ, ಏಕೆಂದರೆ ಹೊಸ ಆವೃತ್ತಿ ಹೊಸ ಅಕೌಂಟ್ ತರಬಹುದು. ಹೊಸ ಸೌಲಭ್ಯ ಅಥವಾ ಟೂಲ್ ಹಾಕಿದ ಮೇಲೆ. ಮತ್ತು ಹಳೆಯ ಬ್ಯಾಕಪ್ ರಿಸ್ಟೋರ್ ಮಾಡಿದ ಮೇಲೆ. ಈ ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಗೆಸ್ಟ್‌ಗೆ ಕೊಟ್ಟ ಕನೆಕ್ಟ್ ಹಕ್ಕು ಡೇಟಾಬೇಸ್‌ನ ಒಳಗೇ ಇರುತ್ತದೆ, ಬ್ಯಾಕಪ್ ಜೊತೆ ಅದೂ ಬರುತ್ತದೆ. ಹೋದ ವರ್ಷ ನೀವು ಮುಚ್ಚಿದ್ದ ಗೆಸ್ಟ್, ಅದಕ್ಕೂ ಹಿಂದಿನ ಬ್ಯಾಕಪ್ ತಂದು ಕೂರಿಸಿದ ಕೂಡಲೇ ಮತ್ತೆ ತೆರೆದಿರುತ್ತದೆ.

ನಾನು ಮಾಡುವುದು ಇಷ್ಟು. ಅಕೌಂಟ್‌ಗಳ ಪಟ್ಟಿಯನ್ನು ಒಂದು ಶೀಟ್‌ನಲ್ಲಿ ಇಟ್ಟಿದ್ದೇನೆ. ಹೆಸರಿನ ಪಕ್ಕ ಒಂದು ಕಾಲಂ, ಇದು ಯಾರದ್ದು ಅಂತ. ಸಿಸ್ಟಮ್ ಅಕೌಂಟ್ ಆದರೂ ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯನ ಹೆಸರು ಬೇಕು. ತಿಂಗಳಿಗೊಮ್ಮೆ ಸರ್ವರ್‌ನ ಪಟ್ಟಿ ತೆಗೆದು ಶೀಟ್ ಜೊತೆ ಹೋಲಿಸುವ ಸ್ಕ್ರಿಪ್ಟ್ ಓಡುತ್ತದೆ. ಹೋದ ತಿಂಗಳು ಎರಡು ಹೊಸ ಹೆಸರು ಸಿಕ್ಕವು. ಒಂದು ಬ್ಯಾಕಪ್ ಟೂಲ್‌ನದ್ದು, ಅದರ ಪಕ್ಕ ಹೆಸರು ಬರೆದಾಯಿತು. ಇನ್ನೊಂದು ತನ್ನದು ಅಂತ ಯಾರೂ ಹೇಳಲಿಲ್ಲ. ಅದನ್ನು ಲಾಕ್ ಮಾಡಿ ಇಟ್ಟಿದ್ದೇನೆ, ಮಾರ್ಚ್ 31 ದಾಟಲಿ ಅಂತ ಕಾಯುತ್ತಿದ್ದೇನೆ.